ನೆಟ್ ಇಲ್ದೆ ಲಿನಕ್ಸ್ ಮತ್ತೆ ಹಾಕೋದು: ಕ್ಯಾಶ್ ಪ್ಯಾಕೇಜ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರು ಜಿಲ್ಲೆ ಕಡೆಯಿಂದ, ಅದ್ರಲ್ಲೂ ಪಾವಗಡ, ಮಧುಗಿರಿ, ಶಿರಾ, ಚಿಕ್ಕನಾಯಕನಹಳ್ಳಿ ಹಳ್ಳಿಗಳಿಂದ ಮೇಷ್ಟ್ರುಗಳು, ಡಿಗ್ರಿ ಹುಡುಗ್ರು, ಕಂಪ್ಯೂಟರ್ ಅಂಗಡಿಯವ್ರು ಫೋನಲ್ಲಿ, ವಾಯ್ಸ್ ಮೆಸೇಜಲ್ಲಿ, ಎದುರು ಸಿಕ್ಕಾಗ ಕೇಳಿರೋ ಪ್ರಶ್ನೆಗಳು ಇವು. ದಿನಕ್ಕೆ ಒಂದೂವರೆ ಜಿಬಿ ಡೇಟಾ, ಅದೂ ಮಹಡಿ ಹತ್ತಿದ್ರೆ ಮಾತ್ರ ಸಿಗ್ನಲ್ ಅನ್ನೋ ಮನೇಲಿ ಒಂದ್ಸಲ ಡೌನ್‌ಲೋಡ್ ಆದ ಪ್ಯಾಕೇಜನ್ನ ಎರಡನೇ ಸಲ ಡೌನ್‌ಲೋಡ್ ಮಾಡ್ಬಾರ್ದು, ನಾನು ಹೇಳೋದು ಇದೊಂದೇ, ಮಿಕ್ಕಿದ್ದೆಲ್ಲ ಅದನ್ನ ಹೆಂಗೆ ಮಾಡೋದು ಅನ್ನೋದು. ಪ್ಯಾಕೇಜ್ ಅಂದ್ರೆ ಒಂದು ಸಾಫ್ಟ್‌ವೇರ್ ಹಾಕೋ ಫೈಲು, ಕ್ಯಾಶ್ ಅಂದ್ರೆ ಇಳಿದ ಪ್ಯಾಕೇಜ್‌ಗಳನ್ನ ಕಂಪ್ಯೂಟರ್ ಕೂಡಿಟ್ಟಿರೋ ಜಾಗ. ಹೆಚ್ಚು ಮಾತು ಡೆಬಿಯನ್, ಉಬುಂಟು, ಮಿಂಟ್ ಅನ್ನೋ ಲಿನಕ್ಸ್‌ಗಳ ಬಗ್ಗೆ ಇದೆ, ಫೆಡೋರಾ ಮತ್ತೆ ಆರ್ಚ್ ಕೊನೇಲಿ ಬರತ್ತೆ. ಕಮಾಂಡ್‌ಗಳನ್ನ ಬಾಯಲ್ಲಿ ಹೇಳೋ ಹಾಗೆ ಕನ್ನಡದಲ್ಲೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರದಲ್ಲಿ ಹಾಕಿ. ಅಡ್ಡಗೆರೆ ಇದ್ದಲ್ಲಿ ಅಡ್ಡಗೆರೆ, ಜಾಗ ಬಿಟ್ಟಲ್ಲಿ ಜಾಗ.

## ಶುರು ಮಾಡೋರಿಗೆ

ಸಾರ್, ನೆಟ್ಟೇ ಇಲ್ದೆ ಲಿನಕ್ಸ್ ಮತ್ತೆ ಹಾಕಕ್ಕೆ ನಿಜವಾಗ್ಲೂ ಆಗತ್ತಾ?

ಆಗತ್ತೆ. ಐಎಸ್ಒ ಅಂದ್ರೆ ಇನ್‌ಸ್ಟಾಲ್ ಡಿಸ್ಕ್‌ನ ಪೂರ್ತಿ ನಕಲಿರೋ ಫೈಲ್, ಅದನ್ನ ಬರ್ದಿರೋ ಪೆನ್‌ಡ್ರೈವ್‌ನಲ್ಲೇ ಪೂರ್ತಿ ಡೆಸ್ಕ್‌ಟಾಪ್ ಇರತ್ತೆ, ಉಬುಂಟು ಮತ್ತೆ ಮಿಂಟ್ ಹಾಕುವಾಗ ನೆಟ್ ಕನೆಕ್ಟ್ ಮಾಡದೇನೆ ಮುಂದೆ ಹೋಗ್ಬೋದು. ಡೆಬಿಯನ್‌ನಲ್ಲಿ ಮಾತ್ರ ಹುಷಾರು, ನೆಟ್‌ಇನ್‌ಸ್ಟ್ ಅನ್ನೋ ಚಿಕ್ಕ ಐಎಸ್ಒ ತಗೊಂಡ್ರೆ ಬರೀ ಬುನಾದಿ ಬರತ್ತೆ, ಡೆಸ್ಕ್‌ಟಾಪ್ ನೆಟ್‌ನಿಂದ ಎಳೀಬೇಕು, ಅದ್ಕೆ ಡಿವಿಡಿ-1 ಐಎಸ್ಒ ಇಲ್ಲಾ ಲೈವ್ ಐಎಸ್ಒ ಇಟ್ಕೊಳ್ಳಿ. ಕಷ್ಟ ಬರೋದು ಆಮೇಲೆ. ವಿಎಲ್‌ಸಿ, ಪ್ರಿಂಟರ್ ಡ್ರೈವರ್, ಕನ್ನಡ ಟೈಪಿಂಗ್, ಜಿಂಪ್, ಮಕ್ಕಳಿಗೆ ಜಿಯೋಜೀಬ್ರಾ, ಹೀಗೆ ವರ್ಷಗಟ್ಲೆ ಒಂದೊಂದೇ ಸೇರಿಸ್ಕೊಂಡಿದ್ದು ಇರತ್ತಲ್ಲ, ಅವೆಲ್ಲ ಐಎಸ್ಒ ಒಳಗೆ ಇರಲ್ಲ, ಕ್ಯಾಶ್ ಬೇಕಾಗೋದು ಅದಕ್ಕೇನೆ.

ಡೌನ್‌ಲೋಡ್ ಆಗಿರೋ ಪ್ಯಾಕೇಜ್ ಎಲ್ಲಿ ಕೂತಿರತ್ತೆ?

‘/ವಾರ್/ಕ್ಯಾಶ್/ಆಪ್ಟ್/ಆರ್ಕೈವ್ಸ್’ ಫೋಲ್ಡರ್‌ನಲ್ಲಿ. ವಾರ್ ಅಂದ್ರೆ ವಿ-ಎ-ಆರ್. ಒಳಗೆ ‘ಪಾರ್ಷಿಯಲ್’ ಅಂತ ಇನ್ನೊಂದು ಫೋಲ್ಡರ್ ಇರತ್ತೆ, ಅದ್ರಲ್ಲಿರೋದು ಅರ್ಧಂಬರ್ಧ ಇಳಿದಿರೋ ಫೈಲ್, ಅದನ್ನ ಕಾಪಿ ಮಾಡಿ ಪ್ರಯೋಜನ ಇಲ್ಲ.

ಫೈಲ್ ಹೆಸರನ್ನ ಓದೋದು ಕಲ್ತ್ಕೊಳ್ಳಿ, ಮುಂದೆ ಬರೋ ಅರ್ಧ ತೊಂದ್ರೆ ಅಲ್ಲೇ ಗೊತ್ತಾಗ್ಬಿಡತ್ತೆ. ಡೆಬಿಯನ್ 12ರ ಒಂದು ಡೆಬ್ ಫೈಲ್, ಅಂದ್ರೆ ಪ್ಯಾಕೇಜ್ ಫೈಲ್ ನೋಡಿ: ‘ಲಿಬ್ರೆಆಫೀಸ್-ಕೋರ್_4%3ಎ7.4.7-1+ಡೆಬ್12ಯು5_ಎಎಂಡಿ64.ಡೆಬ್’. ಅಂಡರ್‌ಸ್ಕೋರ್ ಇರೋ ಕಡೆ ಮೂರು ತುಂಡು ಮಾಡಿ. ಮೊದಲನೇದು ಪ್ಯಾಕೇಜ್ ಹೆಸರು, ಎರಡನೇದು ವರ್ಷನ್, ಮೂರನೇದು ಯಾವ ಥರದ ಮಷಿನ್‌ಗೆ ಅಂತ. ವರ್ಷನ್‌ನಲ್ಲಿ ‘ಡೆಬ್12’ ಅಂತಿದೆ, ಅಂದ್ರೆ ಡೆಬಿಯನ್ 12ಕ್ಕೆ ಅಂತ ಮಾಡಿದ್ದು. ‘%3ಎ’ ಅಂತ ವಿಚಿತ್ರವಾಗಿ ಕಾಣೋದು ಕೋಲನ್ ಚಿಹ್ನೆ, ವಿಂಡೋಸ್ ಫಾರ್ಮ್ಯಾಟ್ ಪೆನ್‌ಡ್ರೈವ್‌ನಲ್ಲಿ ಫೈಲ್ ಹೆಸರಿಗೆ ಕೋಲನ್ ಹಾಕಕ್ಕೆ ಬಿಡಲ್ಲ, ಪ್ಯಾಕೇಜ್ ಇಳಿಸಿ ಹಾಕೋ ಆಪ್ಟ್ ಅನ್ನೋ ಪ್ರೋಗ್ರಾಮ್ ಅದನ್ನ ಹೀಗೆ ಬದ್ಲಾಯ್ಸಿ ಇಟ್ಟಿರೋದ್ರಿಂದ ನಮ್ಮ ಪೆನ್‌ಡ್ರೈವ್‌ಗೆ ಕಾಪಿ ಸಲೀಸಾಗಿ ಆಗತ್ತೆ. ಚೆನ್ನಾಗಿಲ್ಲ ಅಂತ ಹೆಸರು ತಿದ್ದಕ್ಕೆ ಹೋಗ್ಬೇಡಿ, ತಿದ್ದಿದ್ರೆ ಆಪ್ಟ್‌ಗೆ ಗುರುತು ಸಿಗಲ್ಲ.

ಅಣ್ಣ ನನ್ನ ಆರ್ಕೈವ್ಸ್ ಫೋಲ್ಡರ್ ಖಾಲಿ ಐತೆ, ಇಷ್ಟೆಲ್ಲ ಹಾಕಿದ್ನಲ್ಲ ಎಲ್ಲೋಯ್ತು?

ಬಹುಶಃ ನೀವು ‘ಆಪ್ಟ್ ಇನ್‌ಸ್ಟಾಲ್’ ಅಂತ ಹಾಕ್ತಾ ಬಂದಿದೀರ. 2016ರಲ್ಲಿ ಬಂದ ಆಪ್ಟ್ 1.2ರಿಂದ ಈಚೆಗೆ, ‘ಆಪ್ಟ್’ ಕಮಾಂಡ್ ಇನ್‌ಸ್ಟಾಲ್ ಮುಗಿದ ತಕ್ಷಣ ಡೆಬ್ ಫೈಲ್‌ಗಳನ್ನ ತಾನೇ ಅಳಿಸತ್ತೆ. ಹಳೇ ‘ಆಪ್ಟ್-ಗೆಟ್’ ಹಂಗೆ ಮಾಡಲ್ಲ, ಇಟ್ಕೊಂಡಿರತ್ತೆ. ನೆಟ್ ಕಮ್ಮಿ ಇರೋ ಜಾಗದಲ್ಲಿ ಇರೋರು ‘ಆಪ್ಟ್-ಗೆಟ್’ ಅಭ್ಯಾಸ ಮಾಡ್ಕೊಳ್ಳಿ ಅಂತ ನಾನು ಎಲ್ರಿಗೂ ಹೇಳ್ತೀನಿ, ಇನ್ನೇನೂ ಸೆಟ್ಟಿಂಗ್ ಮುಟ್ಟಬೇಕಾಗಿಲ್ಲ. ಸಿನಾಪ್ಟಿಕ್ ಅನ್ನೋ, ಮೌಸ್‌ನಲ್ಲಿ ಪ್ಯಾಕೇಜ್ ಹಾಕೋ ಪ್ರೋಗ್ರಾಮ್ ಬಳಸೋರು ಪ್ರಿಫರೆನ್ಸಸ್ ಒಳಗೆ ಫೈಲ್ಸ್ ಟ್ಯಾಬ್‌ಗೆ ಹೋಗಿ, ಡೌನ್‌ಲೋಡ್ ಆಗಿದ್ದೆಲ್ಲ ಕ್ಯಾಶ್‌ನಲ್ಲೇ ಇರ್ಲಿ ಅನ್ನೋ ಮೊದಲನೇ ಆಪ್ಷನ್ ಒತ್ತಿ. ಇನ್ನೊಂದು, ಜಾಗ ಖಾಲಿ ಮಾಡ್ಕೊಳ್ಳಿ ಅಂತ ಯಾರೋ ಹೇಳಿಕೊಟ್ಟ ‘ಆಪ್ಟ್-ಗೆಟ್ ಕ್ಲೀನ್’ ಇದೆಯಲ್ಲ ಅದು ಫೋಲ್ಡರ್ ಪೂರ್ತಿ ಗುಡಿಸ್ಹಾಕತ್ತೆ, ಜಾಗ ಬೇಕೇ ಬೇಕು ಅಂದ್ರೆ ‘ಆಟೋಕ್ಲೀನ್’ ಹಾಕಿ, ರೆಪೋದಲ್ಲಿ, ಅಂದ್ರೆ ಪ್ಯಾಕೇಜ್ ಇಳಿಯೋ ನೆಟ್ ಭಂಡಾರದಲ್ಲಿ, ಈಗ ಸಿಗದೇ ಇರೋ ಹಳೇ ವರ್ಷನ್ ಮಾತ್ರ ಹೋಗತ್ತೆ.

ಹಂಗಾದ್ರೆ ಅಳಿಸಿ ಹೋಗಿರೋದನ್ನ ವಾಪಸ್ ಪಡೆಯಕ್ಕೆ ಆಗಲ್ವಾ?

ಸಿಸ್ಟಮ್ ಇನ್ನೂ ಓಡ್ತಿದ್ರೆ ಆಗತ್ತೆ. ‘ಡಿಪಿಕೆಜಿ-ರೀಪ್ಯಾಕ್’ ಅಂತ ಒಂದು ಚಿಕ್ಕ ಟೂಲ್ ಇದೆ, ಸುಡೊ ಅಂದ್ರೆ ಕಮಾಂಡನ್ನ ರೂಟ್ ಅನ್ನೋ ಸಿಸ್ಟಮ್ ಮಾಲೀಕನ ಅಧಿಕಾರದಲ್ಲಿ ಓಡಿಸೋದು, ‘ಸುಡೊ ಡಿಪಿಕೆಜಿ-ರೀಪ್ಯಾಕ್ ವಿಎಲ್‌ಸಿ’ ಅಂದ್ರೆ ಈಗಾಗ್ಲೇ ಹಾಕಿರೋ ವಿಎಲ್‌ಸಿ ಫೈಲ್‌ಗಳನ್ನೇ ಒಟ್ಟುಗೂಡ್ಸಿ ನೀವಿರೋ ಫೋಲ್ಡರ್‌ನಲ್ಲಿ ಡೆಬ್ ಮಾಡಿ ಕೊಡತ್ತೆ. ಎರಡು ವಿಷಯ ನೆನಪಿರ್ಲಿ. ನೀವು ಕಾನ್ಫಿಗ್ ಫೈಲ್ ತಿದ್ದಿದ್ರೆ ತಿದ್ದಿದ್ದೇ ಒಳಗೆ ಹೋಗತ್ತೆ, ಮತ್ತೆ ಈ ಡೆಬ್ ರೆಪೋದ ಒರಿಜಿನಲ್ ಫೈಲ್ ಅಲ್ಲ, ಸೈಜು, ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ) ಎರಡೂ ಹೊಂದಲ್ಲ, ಹಂಗಾಗಿ ಇದನ್ನ ಆರ್ಕೈವ್ಸ್‌ಗೆ ಸೇರಿಸ್ದೆ ಬೇರೆ ಫೋಲ್ಡರ್‌ನಲ್ಲಿಟ್ಟು ‘ಆಪ್ಟ್-ಗೆಟ್ ಇನ್‌ಸ್ಟಾಲ್ ./ಫೈಲ್-ಹೆಸರು’ ಅಂತ ಹಾಕ್ಬೇಕು. ಡೇಟಾ ಸ್ವಲ್ಪ ಇದ್ರೆ ‘ಆಪ್ಟ್-ಗೆಟ್ --ರೀಇನ್‌ಸ್ಟಾಲ್ --ಡೌನ್‌ಲೋಡ್-ಓನ್ಲಿ ಇನ್‌ಸ್ಟಾಲ್ ವಿಎಲ್‌ಸಿ’ ಅಂತ ಒರಿಜಿನಲ್ಲೇ ಇಳಿಸ್ಕೊಳ್ಳೋದು ಒಳ್ಳೇದು. ಆದ್ರೆ ಇದು ಹೆಸರು ಕೊಟ್ಟ ಪ್ಯಾಕೇಜ್ ಒಂದನ್ನೇ ಇಳಿಸತ್ತೆ, ಅದು ನೆಚ್ಕೊಂಡಿರೋ ಬೇರೆ ಪ್ಯಾಕೇಜ್‌ಗಳ, ಅಂದ್ರೆ ಲೈಬ್ರರಿಗಳ ಹೆಸರನ್ನೂ ಸೇರಿಸಿ ಕೊಡ್ಬೇಕು.

## ಫಾರ್ಮ್ಯಾಟ್ ಮಾಡೋಕ್ಕೆ ಮುಂಚೆ

ಆರ್ಕೈವ್ಸ್ ಫೋಲ್ಡರ್ ಕಾಪಿ ಮಾಡ್ಕೊಂಡ್ರೆ ಸಾಕಾ ಇನ್ನೇನಾದ್ರೂ ಬೇಕಾ?

ಸಾಕಾಗಲ್ಲ, ಹೆಚ್ಚಿನವ್ರು ಎಡವೋದು ಇಲ್ಲೇ. ಡೆಬ್ ಫೈಲ್‌ಗಳ ಜೊತೆ ‘/ವಾರ್/ಲಿಬ್/ಆಪ್ಟ್/ಲಿಸ್ಟ್ಸ್’ ಫೋಲ್ಡರ್ ಬೇಕೇ ಬೇಕು. ಯಾವ ಪ್ಯಾಕೇಜ್‌ಗೆ ಯಾವುದು ಬೇಕು, ಯಾವ ವರ್ಷನ್, ಎಷ್ಟು ಸೈಜು ಅನ್ನೋ ಲೆಕ್ಕ ಪೂರ್ತಿ ಅದ್ರಲ್ಲಿರತ್ತೆ. ಅದಿಲ್ದೆ ಬರೀ ಡೆಬ್ ಇಟ್ಕೊಂಡ್ರೆ ಗೋಡೌನ್ ತುಂಬಾ ಮೂಟೆ ಇದ್ದು ಲೆಕ್ಕದ ಪುಸ್ತಕ ಕಳ್ದೋದಂಗೆ.

ಆಮೇಲೆ ‘/ಇಟಿಸಿ/ಆಪ್ಟ್’ ಪೂರ್ತಿ ತಗೊಳ್ಳಿ, ಯಾವ ರೆಪೋ ಅನ್ನೋ ಸೋರ್ಸಸ್ ಫೈಲ್ ಮತ್ತೆ ಹೊರಗಿನ ರೆಪೋಗಳ ಸಹಿ ತಾಳೆ ನೋಡೋ ಕೀ ಅಲ್ಲೇ ಇರತ್ತೆ. ಉಬುಂಟು 24.04ರಿಂದ ಹಳೇ ‘ಸೋರ್ಸಸ್.ಲಿಸ್ಟ್’ ಹೆಚ್ಚುಕಮ್ಮಿ ಖಾಲಿ ಇರತ್ತೆ, ವಿಷಯ ಎಲ್ಲ ‘ಸೋರ್ಸಸ್.ಲಿಸ್ಟ್.ಡಿ’ ಒಳಗಿನ ‘ಉಬುಂಟು.ಸೋರ್ಸಸ್’ ಫೈಲಿಗೆ ಹೋಗಿದೆ, ಒಂದೇ ಫೈಲ್ ತಗೊಂಡು ಬಂದ್ರೆ ಕೈ ಖಾಲಿ. ಕೆಲವು ಕೀ ‘/ಯುಎಸ್ಆರ್/ಶೇರ್/ಕೀರಿಂಗ್ಸ್’ ಒಳಗೂ ಇರತ್ತೆ, ಅದನ್ನೂ ಹಾಕ್ಕೊಳ್ಳಿ.

ಕೊನೇಗೆ ಪಟ್ಟಿ. ‘ಆಪ್ಟ್-ಮಾರ್ಕ್ ಶೋಮ್ಯಾನುಯಲ್’ ಅಂದ್ರೆ ನೀವಾಗೇ ಕೇಳಿ ಹಾಕಿಸ್ಕೊಂಡಿರೋ ಪ್ಯಾಕೇಜ್ ಹೆಸರು, ಜೊತೆಗೆ ಇನ್‌ಸ್ಟಾಲರ್ ಹಾಕಿದ ಕೆಲವು ಹೆಸರು ಬರತ್ತೆ, ಅದನ್ನ ಒಂದು ಟೆಕ್ಸ್ಟ್ ಫೈಲಿಗೆ ಹಾಕಿ. ‘ಡಿಪಿಕೆಜಿ --ಗೆಟ್-ಸೆಲೆಕ್ಷನ್ಸ್’ ಅಂತ ಹಳೇ ವಿಧಾನ ಇದೆ, ಅದು ಸಿಸ್ಟಮ್‌ನಲ್ಲಿರೋ ಪ್ರತಿಯೊಂದನ್ನೂ ಬರ್ದಿಡತ್ತೆ, ಲಿನಕ್ಸ್‌ನ ತಿರುಳಾದ ಹಳೇ ಕರ್ನಲ್‌ನಿಂದ ಹಿಡಿದು ಯಾವತ್ತೋ ಸೇರ್ಕೊಂಡ ಲೈಬ್ರರಿ ತನಕ. ನನ್ಗೆ ಮೊದಲನೇದೇ ಇಷ್ಟ, ಹೊಸ ಸಿಸ್ಟಮ್ ಚೊಕ್ಕಟವಾಗಿ ಇರತ್ತೆ.

ಹೋಮ್ ಫೋಲ್ಡರ್ ಬ್ಯಾಕಪ್ ಬೇಕು ಅಂತ ಬೇರೆ ಹೇಳ್ಬೇಕಾಗಿಲ್ಲ ಅಂದ್ಕೋತೀನಿ. ಆದ್ರೂ ಹೇಳ್ತೀನಿ, ಫೋಟೋ, ಡಾಕ್ಯುಮೆಂಟ್ ಎರಡು ಕಡೆ ಇರ್ಲಿ.

ಪೆನ್‌ಡ್ರೈವ್‌ಗೆ ಹಾಕ್ತಾ ಇದ್ದೆ, 4 ಜಿಬಿ ಹತ್ರ ನಿಂತೋಯ್ತು, ಜಾಗ ಇನ್ನೂ ಇತ್ತು?

ನೀವು ಎಲ್ಲ ಸೇರ್ಸಿ ಒಂದೇ ಟಾರ್ ಫೈಲ್ ಮಾಡಿದೀರ, ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟ್‌ನಲ್ಲಿದೆ. ಫ್ಯಾಟ್32ನಲ್ಲಿ ಒಂದು ಫೈಲ್ 4 ಜಿಬಿ ದಾಟಂಗಿಲ್ಲ. ಟಾರ್ ಮಾಡದೆ ಫೈಲ್‌ಗಳನ್ನ ಬಿಡಿಬಿಡಿಯಾಗಿ ಹಾಕಿ, ಇಲ್ಲಾಂದ್ರೆ ಪೆನ್‌ಡ್ರೈವನ್ನ ಎಕ್ಸ್‌ಫ್ಯಾಟ್ ಇಲ್ಲಾ ಇಎಕ್ಸ್‌ಟಿ4 ಮಾಡ್ಕೊಳ್ಳಿ. ಕಾಪಿ ಆದ್ಮೇಲೆ ‘ಸಿಂಕ್’ ಅಂತ ಹೊಡೆದು ಅದು ಮುಗಿಯೋ ತನಕ ಕಾದು ಆಮೇಲೆ ತೆಗೀರಿ, ಸ್ಕ್ರೀನ್ ಮೇಲೆ ನೂರು ಪರ್ಸೆಂಟ್ ಬಂದಿದ್ರೂ ನಿಧಾನದ ಪೆನ್‌ಡ್ರೈವ್‌ಗೆ ಒಳಗೊಳಗೆ ಇನ್ನೂ ಬರೀತಾನೇ ಇರತ್ತೆ. ಕಾಪಿಗೆ ಮುಂಚೆ ಆರ್ಕೈವ್ಸ್ ಒಳಗೆ ನಿಂತು ‘ಎಸ್ಎಚ್ಎ256ಸಮ್ *.ಡೆಬ್’ ಫಲಿತಾಂಶವನ್ನ ಒಂದು ಫೈಲಿಗೆ ಹಾಕಿಟ್ಟು, ಕಾಪಿ ಆದ್ಮೇಲೆ ಪೆನ್‌ಡ್ರೈವ್ ಕಡೆ ‘ಎಸ್ಎಚ್ಎ256ಸಮ್ -ಸಿ’ ಅಂತ ತಾಳೆ ನೋಡಿದ್ರೆ ಕೆಟ್ಟಿರೋ ಫೈಲ್ ಫಾರ್ಮ್ಯಾಟ್‌ಗೆ ಮುಂಚೇನೇ ಸಿಕ್ಕಾಕ್ಕೊಳತ್ತೆ.

ನಮ್ಮ ಫ್ರೆಂಡ್ ಹತ್ರ ದೊಡ್ಡ ಕ್ಯಾಶ್ ಐತೆ, ಅವನ್ದು ತಂದು ನಮ್ದಕ್ಕೆ ಹಾಕ್ಬೋದಾ?

ಎರಡು ಹೊಂದಬೇಕು. ಮೊದಲನೇದು ಮಷಿನ್ ಥರ. ‘ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್’ ಅಂದ್ರೆ 64 ಬಿಟ್‌ಗೆ ‘ಎಎಂಡಿ64’ ಅಂತ ಬರತ್ತೆ, ಇಂಟೆಲ್ ಆದ್ರೂ ಅದೇ ಹೆಸರು, ಹೆದರ್ಬೇಡಿ. 32 ಬಿಟ್‌ಗೆ ‘ಐ386’. ಫೈಲ್ ಕೊನೇಲಿ ‘ಆಲ್’ ಅಂತಿದ್ರೆ ಎರಡಕ್ಕೂ ಆಗತ್ತೆ, ಫಾಂಟ್‌ಗಳೆಲ್ಲ ಹಂಗೇ ಇರ್ತಾವೆ. ಎರಡನೇದು ರಿಲೀಸ್. ಉಬುಂಟು 22.04 ಕ್ಯಾಶ್ 22.04ಕ್ಕೇ, 24.04ಕ್ಕೆ ಅಲ್ಲ. ಮಿಂಟ್ 21 ಕೂತಿರೋದು ಉಬುಂಟು 22.04 ಮೇಲೆ, ಮಿಂಟ್ 22 ಕೂತಿರೋದು 24.04 ಮೇಲೆ, ಹಂಗಾಗಿ ಆ ಜೋಡಿಗಳ ನಡುವೆ ಬಹಳಷ್ಟು ಪ್ಯಾಕೇಜ್ ಹಂಚ್ಕೋಬೋದು. ಡೆಬಿಯನ್ ಕ್ಯಾಶನ್ನ ಉಬುಂಟುಗೆ ಸುರಿಯೋದು ಬೇಡ, ಒಂದೋ ಎರಡೋ ಫೈಲ್ ಹೋದ್ರೂ ಆಮೇಲೆ ಹೆಚ್ಚಿನ ಪ್ರೋಗ್ರಾಮ್‌ಗಳಿಗೆ ಬೇಕಾಗೋ ಲಿಬ್‌ಸಿ ವರ್ಷನ್ ಜಗಳ ಶುರುವಾಗಿ ಅಪ್‌ಡೇಟ್ ಪೂರ್ತಿ ಕೂತ್ಕೊಳತ್ತೆ.

ತುಮಕೂರಲ್ಲಿ ಸೈಬರ್ ಸೆಂಟರ್ ಐತೆ ಆದ್ರೆ ಅಲ್ಲಿ ವಿಂಡೋಸು, ಅಲ್ಲಿಂದ ಇಳಿಸ್ಕೊಂಡು ಬರಕ್ಕೆ ದಾರಿ ಐತಾ?

ಐತೆ, ಇದು ನಮ್ಮ ಕಡೆಯೋರಿಗೆ ತುಂಬಾ ಕೆಲ್ಸಕ್ಕೆ ಬರೋ ದಾರಿ. ಮನೆ ಲಿನಕ್ಸ್‌ನಲ್ಲಿ ‘ಆಪ್ಟ್-ಗೆಟ್ --ಪ್ರಿಂಟ್-ಯುಆರ್‌ಐಸ್ ಇನ್‌ಸ್ಟಾಲ್ ಜಿಂಪ್’ ಅಂತ ಹೊಡೀರಿ. ಏನೂ ಇಳಿಯಲ್ಲ, ಬದ್ಲಿಗೆ ಯಾವ್ಯಾವ ಫೈಲ್ ಬೇಕೋ ಅವುಗಳ ವಿಳಾಸ, ಹೆಸರು, ಸೈಜು, ಚೆಕ್‌ಸಮ್ ಸಾಲುಸಾಲಾಗಿ ಬರತ್ತೆ. ನಿಮ್ಮ ಆರ್ಕೈವ್ಸ್‌ನಲ್ಲಿ ಈಗಾಗ್ಲೇ ಇರೋದು ಆ ಪಟ್ಟೀಲಿ ಬರಲ್ಲ, ಇಲ್ದೇ ಇರೋದು ಮಾತ್ರ ಬರತ್ತೆ. ಆ ಪಟ್ಟೀನ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋಗಿ, ಬ್ರೌಸರ್‌ನಲ್ಲಿ ಒಂದೊಂದು ವಿಳಾಸ ಹಾಕಿ ಇಳಿಸ್ಕೊಂಡು ಬನ್ನಿ. ವಿಳಾಸದಲ್ಲಿರೋ ಫೈಲ್ ಹೆಸರಲ್ಲಿ ‘4%3ಎ’ ಥರದ ಭಾಗ ಇರಲ್ಲ, ಬ್ರೌಸರ್ ಅದಿಲ್ದೇನೇ ಸೇವ್ ಮಾಡಿರತ್ತೆ, ಮನೇಗೆ ಬಂದು ಪಟ್ಟೀಲಿರೋ ಹೆಸರನ್ನೇ ಮತ್ತೆ ಕೊಡ್ಬೇಕು.

ಲೆಕ್ಕದ ಪಟ್ಟಿ ಅಂದ್ರೆ ಲಿಸ್ಟ್ಸ್ ಹಳೇದಾಗಿದ್ರೆ ವಿಳಾಸಗಳೂ ಹಳೇವು, ಅಲ್ಲಿ ಹೋದಾಗ 404 ಬರತ್ತೆ. ಅದಕ್ಕೆ ಆಪ್ಟ್-ಆಫ್‌ಲೈನ್ ಅನ್ನೋ ಟೂಲ್ ಒಳ್ಳೇದು, ಡೆಬಿಯನ್ ಬಳಗದ ರಿತೇಶ್ ರಾಜ್ ಸರ್ರಾಫ್ ಬರ್ದಿದ್ದು. ಮನೇಲಿ ‘ಸೆಟ್’ ಅಂದ್ರೆ ಏನು ಬೇಕು ಅನ್ನೋ ಸಿಗ್ನೇಚರ್ ಫೈಲ್ ಮಾಡತ್ತೆ, ನೆಟ್ ಇರೋ ಕಡೆ ‘ಗೆಟ್’ ಅಂದ್ರೆ ಎಲ್ಲ ಇಳಿಸತ್ತೆ, ವಾಪಸ್ ಬಂದು ‘ಇನ್‌ಸ್ಟಾಲ್’ ಅಂದ್ರೆ ತಾನೇ ಸರಿಯಾದ ಜಾಗದಲ್ಲಿ ಕೂರಿಸತ್ತೆ. ‘ಅಪ್‌ಡೇಟ್’ ಕೆಲ್ಸಾನೂ ಹೀಗೇ ಆಗತ್ತೆ. ಪೈಥಾನ್ ಇದ್ರೆ ವಿಂಡೋಸ್‌ನಲ್ಲೂ ಓಡತ್ತೆ. ಸೈಬರ್‌ನವ್ರು ಪೈಥಾನ್ ಹಾಕಕ್ಕೆ ಬಿಡ್ಲಿಲ್ಲ ಅಂದ್ರೆ ಪಟ್ಟಿ ದಾರಿಯೇ ಗತಿ.

## ಹಾಕೋ ಹೊತ್ತಲ್ಲಿ

ಫಾರ್ಮ್ಯಾಟ್ ಆಯ್ತು, ಹೊಸಾದು ಬೂಟ್ ಆಯ್ತು, ಈಗ ಕ್ಯಾಶ್‌ನಿಂದ ಹೆಂಗೆ ಹಾಕೋದು ಹೇಳಿ?

ಮೊದ್ಲು ಏನು ಮಾಡ್ಬಾರ್ದು ಅಂತ ಹೇಳ್ತೀನಿ. ‘ಆಪ್ಟ್-ಗೆಟ್ ಅಪ್‌ಡೇಟ್’ ಹೊಡೀಬೇಡಿ. ಅರೆಬರೆ ನೆಟ್ ಸಿಕ್ಕಿ ಅದು ಓಡಿದ್ರೆ ಹೊಸ ಲಿಸ್ಟ್ ಬಂದು, ಆಪ್ಟ್ ಹೊಸ ವರ್ಷನ್‌ಗಳನ್ನ ಕೇಳಕ್ಕೆ ಶುರು ಮಾಡತ್ತೆ, ಕೈಲಿರೋ ಡೆಬ್ ಎಲ್ಲ ಇದ್ದೂ ಇಲ್ದಂಗೆ ಆಗತ್ತೆ.

ಪೆನ್‌ಡ್ರೈವ್‌ನಿಂದ ‘/ಇಟಿಸಿ/ಆಪ್ಟ್’ ವಾಪಸ್ ಹಾಕಿ, ಕೀರಿಂಗ್ಸ್ ವಾಪಸ್ ಹಾಕಿ, ಲಿಸ್ಟ್ಸ್ ಫೋಲ್ಡರ್ ಒಳಗಿಂದು ಅದರ ಜಾಗಕ್ಕೆ, ಡೆಬ್ ಫೈಲ್‌ಗಳು ಆರ್ಕೈವ್ಸ್‌ಗೆ. ಎಲ್ಲ ಸುಡೊ ಕೊಟ್ಟು ಕಾಪಿ ಮಾಡಿ, ಮಾಲೀಕ ರೂಟ್ ಆಗಿರ್ಬೇಕು. ಆಮೇಲೆ ‘ಆಪ್ಟ್-ಕ್ಯಾಶ್ ಪಾಲಿಸಿ ವಿಎಲ್‌ಸಿ’ ಹೊಡೆದು ನೋಡಿ, ಕ್ಯಾಂಡಿಡೇಟ್ ಅನ್ನೋ ಕಡೆ ನಿಮ್ಮ ಡೆಬ್ ಫೈಲಲ್ಲಿರೋ ವರ್ಷನ್ನೇ ಕಾಣಿಸಿದ್ರೆ ಲೆಕ್ಕ ಸರಿ ಕೂತಿದೆ ಅಂತ ಅರ್ಥ.

ಈಗ ‘ಶೋಮ್ಯಾನುಯಲ್’ನಿಂದ ಬರ್ದಿಟ್ಟ ಪಟ್ಟಿ. ‘ಎಕ್ಸ್‌ಆರ್ಗ್ಸ್ -ಎ ಪಟ್ಟಿ.ಟಿಎಕ್ಸ್‌ಟಿ ಆಪ್ಟ್-ಗೆಟ್ --ಪ್ರಿಂಟ್-ಯುಆರ್‌ಐಸ್ -ವೈ ಇನ್‌ಸ್ಟಾಲ್’ ಅಂತ ಒಂದ್ಸಲ ಓಡಿಸಿ. ಕೊನೇಲಿ ಒಂದೂ ವಿಳಾಸ ಬರ್ಲಿಲ್ಲ ಅಂದ್ರೆ ಬೇಕಾಗಿರೋದೆಲ್ಲ ಕೈಲಿದೆ. ನಾಲ್ಕೈದು ವಿಳಾಸ ಬಂದ್ರೆ ಅಷ್ಟು ಕೊರತೆ ಇದೆ ಅಂತ, ಆ ಪ್ಯಾಕೇಜ್‌ಗಳನ್ನ ಬೇಕು ಅನ್ನೋದನ್ನ ಪಟ್ಟಿಯಿಂದ ತೆಗೀರಿ ಇಲ್ಲಾ ಆ ಫೈಲ್ ಮಾತ್ರ ತರಿಸ್ಕೊಳ್ಳಿ. ಆಮೇಲೆ ‘ಸುಡೊ’ ಮುಂದಿಟ್ಟು, ಅದೇ ಸಾಲಲ್ಲಿ ‘--ಪ್ರಿಂಟ್-ಯುಆರ್‌ಐಸ್’ ಬದ್ಲು ‘--ನೋ-ಡೌನ್‌ಲೋಡ್’ ಹಾಕಿ ಓಡಿಸಿ. ಇಷ್ಟೇ.

ಇದನ್ನ ಫಾರ್ಮ್ಯಾಟ್‌ಗೆ ಮುಂಚೇನೇ, ಕಂಪ್ಯೂಟರ್ ಒಳಗೆ ಇನ್ನೊಂದು ನಕಲಿ ಕಂಪ್ಯೂಟರ್ ಓಡಿಸೋ ವರ್ಚುಯಲ್‌ಬಾಕ್ಸ್‌ನಲ್ಲಿ ನೆಟ್‌ವರ್ಕ್ ಕೇಬಲ್ ಟಿಕ್ ತೆಗೆದು ಒಂದ್ಸಲ ಮಾಡಿ ನೋಡಿ ಅಂತ ಕೈ ಮುಗಿದು ಕೇಳ್ಕೋತೀನಿ. ಹಳೇ ಸಿಸ್ಟಮ್ ಇನ್ನೂ ಜೀವಂತ ಇರುವಾಗ ಕೊರತೆ ಗೊತ್ತಾದ್ರೆ ತುಂಬ್ಕೊಳ್ಳಕ್ಕೆ ದಾರಿ ಇರತ್ತೆ.

ಇಷ್ಟೆಲ್ಲ ಯಾಕೆ ಸಾರ್, ‘ಡಿಪಿಕೆಜಿ -ಐ *.ಡೆಬ್’ ಅಂದ್ರೆ ಎಲ್ಲ ಒಂದೇ ಏಟಿಗೆ ಹೋಗಲ್ವಾ?

ಹೋಗತ್ತೆ, ಬೇಡದೇ ಇರೋದೂ ಹೋಗತ್ತೆ. ಕ್ಯಾಶ್‌ನಲ್ಲಿ ಒಂದೇ ಪ್ಯಾಕೇಜ್‌ನ ಮೂರು ವರ್ಷನ್ ಇರ್ಬೋದು, ಯಾವತ್ತೋ ಹಾಕಿ ತೆಗೆದಿದ್ದೂ ಇರ್ಬೋದು, ನಾಲ್ಕು ಹಳೇ ಕರ್ನಲ್ ಇರ್ಬೋದು, ಡೆಬ್ ಫೈಲನ್ನ ನೇರ ಬಿಚ್ಚಿ ಹಾಕೋ ಡಿಪಿಕೆಜಿ ಇದ್ಯಾವುದನ್ನೂ ಕೇಳಲ್ಲ, ಕೊಟ್ಟಿದ್ದೆಲ್ಲ ತುಂಬತ್ತೆ. ಯಾವುದಕ್ಕೆ ಯಾವುದು ಬೇಕು ಅಂತ ಹುಡುಕಿ ತರೋ ಕೆಲ್ಸ ಡಿಪಿಕೆಜಿದಲ್ಲ, ಅದು ಆಪ್ಟ್ ಕೆಲ್ಸ. ಒಂದು ನಾಲ್ಕೈದು ಫೈಲ್ ಇದ್ರೆ ‘ಆಪ್ಟ್-ಗೆಟ್ ಇನ್‌ಸ್ಟಾಲ್ ./*.ಡೆಬ್’ ಅನ್ನಿ, ಚುಕ್ಕೆ ಮತ್ತೆ ಗೀಟು ಮರೀಬೇಡಿ.

ಕ್ಯಾಶ್ ಫೋಲ್ಡರನ್ನೇ ನಮ್ಮ ಸ್ವಂತ ರೆಪೋ ಮಾಡ್ಕೊಳ್ಳಕ್ಕೆ ಆಗತ್ತಾ?

ಆಗತ್ತೆ, ಲಿಸ್ಟ್ಸ್ ಕಾಪಿ ಮಾಡ್ಕೊಳ್ಳೋದು ಮರ್ತೋರಿಗೂ ಇದೇ ದಾರಿ. ಡೆಬ್‌ಗಳಿರೋ ಫೋಲ್ಡರ್ ಒಳಗೆ ನಿಂತು ‘ಡಿಪಿಕೆಜಿ-ಸ್ಕ್ಯಾನ್‌ಪ್ಯಾಕೇಜಸ್ -ಎಂ .’ ಓಡಿಸಿ ಬಂದಿದ್ದನ್ನ ‘ಪ್ಯಾಕೇಜಸ್’ ಅನ್ನೋ ಫೈಲಿಗೆ ಹಾಕಿ, ಮೊದಲಕ್ಷರ ದೊಡ್ಡದು. ಈ ಕಮಾಂಡ್ ‘ಡಿಪಿಕೆಜಿ-ಡೆವ್’ ಪ್ಯಾಕೇಜ್‌ನಲ್ಲಿ ಬರತ್ತೆ. ಅದು ಇಲ್ದಿದ್ರೆ ‘ಆಪ್ಟ್-ಎಫ್‌ಟಿಪಿಆರ್ಕೈವ್ ಪ್ಯಾಕೇಜಸ್ .’ ಕೂಡ ಅದೇ ಕೆಲ್ಸ ಮಾಡತ್ತೆ, ಅದು ‘ಆಪ್ಟ್-ಯುಟಿಲ್ಸ್’ ಒಳಗಿದೆ. ಆಮೇಲೆ ಸೋರ್ಸಸ್‌ನಲ್ಲಿ ‘ಡೆಬ್ [ಟ್ರಸ್ಟೆಡ್=ಎಸ್] ಫೈಲ್:/ಫೋಲ್ಡರ್-ದಾರಿ ./’ ಅಂತ ಒಂದು ಸಾಲು, ಎಸ್ ಅಂದ್ರೆ ವೈ-ಇ-ಎಸ್. ಮಿಕ್ಕ ಸಾಲುಗಳ ಮುಂದೆ ಹ್ಯಾಶ್ ಹಾಕಿ ಮುಚ್ಚಿಬಿಟ್ರೆ ಈಗ ‘ಅಪ್‌ಡೇಟ್’ ಧೈರ್ಯವಾಗಿ ಹೊಡೀಬೋದು, ಅದು ನಿಮ್ಮ ಫೋಲ್ಡರನ್ನ ಮಾತ್ರ ಓದತ್ತೆ.

## ಸಿಕ್ಕಾಕ್ಕೊಂಡಾಗ

ಅರ್ಧಕ್ಕೆ ಕರೆಂಟ್ ಹೋಯ್ತು, ಈಗ ಏನೇ ಹೊಡೆದ್ರೂ ಡಿಪಿಕೆಜಿ ವಾಸ್ ಇಂಟರಪ್ಟೆಡ್ ಅಂತಾನೆ ಬರ್ತೈತೆ?

ಅದೇ ಮೆಸೇಜಲ್ಲಿ ಮದ್ದೂ ಬರ್ದಿರತ್ತೆ: ‘ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ’. ಬಿಚ್ಚಿಟ್ಟು ಸೆಟಪ್ ಆಗದೆ ಉಳಿದಿರೋದನ್ನೆಲ್ಲ ಅದು ಮುಗಿಸತ್ತೆ. ಆಮೇಲೆ ‘ಆಪ್ಟ್-ಗೆಟ್ --ನೋ-ಡೌನ್‌ಲೋಡ್ -ಎಫ್ ಇನ್‌ಸ್ಟಾಲ್’. ಇಷ್ಟಾದ್ರೂ ಒಂದೇ ಪ್ಯಾಕೇಜ್ ಹತ್ರ ಪದೇ ಪದೇ ನಿಲ್ತಿದ್ರೆ ಆ ಡೆಬ್ ಫೈಲೇ ಕೆಟ್ಟಿರ್ಬೋದು, ಪೆನ್‌ಡ್ರೈವ್‌ನಿಂದ ಅದೊಂದನ್ನ ಮತ್ತೆ ಕಾಪಿ ಮಾಡಿ. ಲಾಕ್ ಫೈಲ್ ಡಿಲೀಟ್ ಮಾಡು ಅಂತ ಹೇಳೋರ ಮಾತು ಕೇಳ್ಬೇಡಿ, ಕರೆಂಟ್ ಹೋಗಿ ಮತ್ತೆ ಬೂಟ್ ಆದ್ಮೇಲೆ ಲಾಕ್ ಯಾರ ಕೈಲೂ ಇರಲ್ಲ, ಇದ್ರೆ ಹಿಂದುಗಡೆ ಬೇರೆ ಅಪ್‌ಡೇಟ್ ಓಡ್ತಿದೆ ಅಂತ ಅರ್ಥ, ಅದು ಮುಗೀಲಿ. ಯುಪಿಎಸ್ ಇಲ್ದಿರೋ ಡೆಸ್ಕ್‌ಟಾಪ್‌ನಲ್ಲಿ ಪಟ್ಟಿ ಪೂರ್ತಿ ಒಂದೇ ಸಲ ಹಾಕೋ ಬದ್ಲು ಸ್ವಲ್ಪ ಸ್ವಲ್ಪ ಹಾಕಿ.

ರಿಲೀಸ್ ಫೈಲ್ ಈಸ್ ನಾಟ್ ವ್ಯಾಲಿಡ್ ಯೆಟ್ ಅಂತ ಬರ್ತಿದೆ, ಫೈಲ್ ಎಲ್ಲ ಸರಿಯಾಗೇ ಇದೆ?

ಗಡಿಯಾರ ನೋಡಿ. ಶಾಲೆಗಳಲ್ಲಿರೋ ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇದು ಸರ್ವೇಸಾಮಾನ್ಯ. ಬೇಸಿಗೆ ರಜೆ ಪೂರ್ತಿ ಪ್ಲಗ್ ತೆಗೆದಿಟ್ಟಿರ್ತಾರೆ, ಮದರ್‌ಬೋರ್ಡ್ ಮೇಲಿನ ಗುಂಡನೆ ಬ್ಯಾಟರಿ ಸತ್ತೋಗಿರತ್ತೆ, ಆನ್ ಮಾಡಿದ್ರೆ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿರತ್ತೆ. ನೆಟ್ ಇದ್ರೆ ಲಿನಕ್ಸ್ ತಾನೇ ಟೈಮ್ ಸರಿ ಮಾಡ್ಕೊಳತ್ತೆ, ನೆಟ್ ಇಲ್ವಲ್ಲ, ಹಂಗಾಗಿ ರೆಪೋದ ರಿಲೀಸ್ ಫೈಲ್ ಮೇಲಿರೋ ತಾರೀಖು ಆ ಮಷಿನ್ ಪಾಲಿಗೆ ಇನ್ನೂ ಬಂದೇ ಇರಲ್ಲ. ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಎನ್‌ಟಿಪಿ ಫಾಲ್ಸ್’ ಅಂತ ಹೊಡೆದು ಆಮೇಲೆ ‘ಟೈಮ್‌ಡೇಟ್‌ಸಿಟಿಎಲ್ ಸೆಟ್-ಟೈಮ್’ ಜೊತೆ ಇವತ್ತಿನ ತಾರೀಖು ಕೊಡಿ. ಆ ಬ್ಯಾಟರಿ ಸಾಮಾನ್ಯವಾಗಿ ಸಿಆರ್2032, 3 ವೋಲ್ಟು, ವಾಚ್ ರಿಪೇರಿ ಅಂಗಡೀಲೂ ಸಿಗತ್ತೆ. ಅದನ್ನ ಬದಲಾಯಿಸ್ದೆ ಬರೀ ತಾರೀಖು ತಿದ್ದಿದ್ರೆ ಮುಂದಿನ ಸಲ ಪ್ಲಗ್ ತೆಗೆದಾಗ ಮತ್ತೆ ಇದೇ ಕಥೆ.

ಇದರ ತಿರುಗುಮುರುಗು ಇನ್ನೊಂದಿದೆ, ‘ಎಕ್ಸ್‌ಪೈರ್ಡ್’ ಅಂತ ಬರೋದು, ಅದು ಹಳೇ ರೆಪೋ ನಕಲು ಇಟ್ಕೊಂಡಿರೋರಿಗೆ ಬರತ್ತೆ. ಅಪ್‌ಡೇಟ್ ಕಮಾಂಡ್ ಜೊತೆ ‘-ಒ ಅಕ್ವೈರ್::ಚೆಕ್-ವ್ಯಾಲಿಡ್-ಅಂಟಿಲ್=ಫಾಲ್ಸ್’ ಸೇರಿಸಿದ್ರೆ ಮುಂದೆ ಹೋಗತ್ತೆ.

ಡೌನ್‌ಲೋಡ್ ಈಸ್ ಪರ್ಫಾರ್ಮ್ಡ್ ಅನ್‌ಸ್ಯಾಂಡ್‌ಬಾಕ್ಸ್ಡ್ ಆಸ್ ರೂಟ್ ಅಂತ ಹಳದೀಲಿ ಬಂತು, ಏನಾದ್ರೂ ಹಾಳಾಯ್ತಾ?

ಇಲ್ಲ. ‘_ಆಪ್ಟ್’ ಅನ್ನೋ ಯೂಸರ್‌ಗೆ ನಿಮ್ಮ ಹೋಮ್ ಫೋಲ್ಡರ್ ಒಳಗಿನ ಡೆಬ್ ಓದಕ್ಕೆ ಪರ್ಮಿಷನ್ ಇರ್ಲಿಲ್ಲ, ರೂಟ್ ಆಗಿ ಓದ್ಕೊಂಡಿದೆ. ಪ್ಯಾಕೇಜ್ ಸರಿಯಾಗೇ ಕೂತಿರತ್ತೆ.

ವೈಫೈ ಡ್ರೈವರ್ ಇಲ್ದೆ ನೆಟ್ ಇಲ್ಲ, ನೆಟ್ ಇಲ್ದೆ ಡ್ರೈವರ್ ಇಲ್ಲ, ಏನ್ಮಾಡ್ಲಿ?

ಡೆಬಿಯನ್ 12ರಿಂದ ಇನ್‌ಸ್ಟಾಲರ್ ಐಎಸ್ಒ ಒಳಗೇ ನಾನ್-ಫ್ರೀ ಫರ್ಮ್‌ವೇರ್ (ವೈಫೈ ಥರದ ಚಿಪ್‌ಗೆ ಬೇಕಾದ ಕಂಪನಿ ಫೈಲ್‌ಗಳು) ಸೇರಿಸಿದಾರೆ, ಮುಂಚಿನಷ್ಟು ಗೋಳು ಇಲ್ಲ. ಬ್ರಾಡ್‌ಕಾಮ್ ಚಿಪ್ ಇರೋ ಹಳೇ ಲ್ಯಾಪ್‌ಟಾಪ್ ಮಾತ್ರ ಇನ್ನೂ ಕಾಡತ್ತೆ, ಯಾಕಂದ್ರೆ ‘ಬ್ರಾಡ್‌ಕಾಮ್-ಎಸ್‌ಟಿಎ-ಡಿಕೆಎಂಎಸ್’ ಅನ್ನೋದು ನಿಮ್ಮ ಮಷಿನ್ ಮೇಲೇ ಕಂಪೈಲ್ ಆಗ್ಬೇಕು, ಅಂದ್ರೆ ಸೋರ್ಸ್ ಕೋಡ್‌ನಿಂದ ತಯಾರಾಗ್ಬೇಕು, ಅದಕ್ಕೆ ಡಿಕೆಎಂಎಸ್, ಜಿಸಿಸಿ, ಮೇಕ್, ಜೊತೆಗೆ ಓಡ್ತಿರೋ ಕರ್ನಲ್‌ಗೆ ಸರಿಹೊಂದೋ ಹೆಡರ್ಸ್ ಎಲ್ಲ ಕ್ಯಾಶ್‌ನಲ್ಲಿರ್ಬೇಕು. ಹೊಸದಾಗಿ ಐಎಸ್ಒದಿಂದ ಹಾಕಿದಾಗ ಬರೋ ಕರ್ನಲ್ ಬೇರೆ, ನಿಮ್ಮ ಕ್ಯಾಶ್‌ನಲ್ಲಿರೋ ಹೆಡರ್ಸ್ ಅಪ್‌ಡೇಟ್ ಆದ ಕರ್ನಲ್‌ದು. ಹಂಗಾಗಿ ಮೊದ್ಲು ಕ್ಯಾಶ್‌ನಿಂದ ಆ ಹೊಸ ಕರ್ನಲ್ ಹಾಕಿ ರೀಬೂಟ್ ಮಾಡಿ ‘ಯುನೇಮ್ -ಆರ್’ ನೋಡಿ ಹೊಂದಿದ ಮೇಲೆ ಡ್ರೈವರ್ ಹಾಕಿ. ಇದ್ಯಾವುದೂ ಆಗ್ಲಿಲ್ಲ ಅಂದ್ರೆ ಫೋನ್‌ಗೆ ಡೇಟಾ ಕೇಬಲ್ ಹಾಕಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದಕ್ಕೆ ಬೇರೆ ಡ್ರೈವರ್ ಬೇಡ, ಆ ಒಂದು ಪ್ಯಾಕೇಜ್ ಇಳಿಸ್ಕೊಂಡು ಆಫ್ ಮಾಡಿ.

ಹೊಸದಾಗಿ ಹಾಕಿದ್ಮೇಲೆ ಕನ್ನಡ ಚೌಕ ಚೌಕ ಕಾಣ್ತೈತೆ, ಟೈಪ್ ಮಾಡಕ್ಕೂ ಆಗ್ತಿಲ್ಲ?

ಕಾಣಕ್ಕೆ ಫಾಂಟ್ ಬೇಕು. ‘ಫಾಂಟ್ಸ್-ಲೋಹಿತ್-ಕೆಎನ್‌ಡಿಎ’, ‘ಫಾಂಟ್ಸ್-ಗುಬ್ಬಿ’, ‘ಫಾಂಟ್ಸ್-ನವಿಲು’ ಮೂರೂ ಚಿಕ್ಕ ಪ್ಯಾಕೇಜ್, ಕ್ಯಾಶ್‌ನಲ್ಲಿ ಯಾವಾಗ್ಲೂ ಇಟ್ಕೊಂಡಿರಿ. ಡೆಬ್ ಇಲ್ದೆ ಬರೀ ಟಿಟಿಎಫ್ ಫೈಲ್ ಸಿಕ್ಕಿದ್ರೂ ಸಾಕು, ಹೋಮ್ ಫೋಲ್ಡರ್‌ನ ‘.ಲೋಕಲ್/ಶೇರ್/ಫಾಂಟ್ಸ್’ ಒಳಗೆ ಹಾಕಿ ‘ಎಫ್‌ಸಿ-ಕ್ಯಾಶ್ -ಎಫ್’ ಹೊಡೀರಿ.

ಟೈಪ್ ಮಾಡಕ್ಕೆ ಏನೂ ತರೋದೇ ಬೇಡ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ಗೆ ಹೋಗಿ ಕನ್ನಡದ ಕೆಳಗೆ ನೋಡಿ, ಕಗಪ ಫೊನೆಟಿಕ್ ಅಂತ ಇರತ್ತೆ, ಅದು ‘ಎಕ್ಸ್‌ಕೆಬಿ-ಡೇಟಾ’ ಜೊತೆ ಎಲ್ಲ ಡೆಸ್ಕ್‌ಟಾಪ್‌ಗೂ ಬಂದೇ ಇರತ್ತೆ. ನುಡಿ ಕೀಬೋರ್ಡ್ ಕೈಗೆ ಕೂತಿರೋರಿಗೆ ಬೆರಳು ತಾನೇ ಓಡತ್ತೆ. ಲಿಬ್ರೆಆಫೀಸ್ ಮೆನು ಕನ್ನಡದಲ್ಲಿ ಬೇಕಂದ್ರೆ ‘ಲಿಬ್ರೆಆಫೀಸ್-ಎಲ್10ಎನ್-ಕೆಎನ್’, ಸ್ಕ್ಯಾನ್ ಮಾಡಿದ ಕನ್ನಡ ಪುಟ ಓದಿಸಕ್ಕೆ ‘ಟೆಸೆರಾಕ್ಟ್-ಒಸಿಆರ್-ಕನ್’, ಇವೆರಡನ್ನೂ ಪಟ್ಟೀಲಿ ಸೇರಿಸ್ಕೊಳ್ಳಿ.

ಉಬುಂಟುದಲ್ಲಿ ಫೈರ್‌ಫಾಕ್ಸ್ ಆರ್ಕೈವ್ಸ್‌ನಲ್ಲಿ ಸಿಗ್ತಾನೇ ಇಲ್ಲ, ಯಾಕೆ?

ಉಬುಂಟು 22.04ರಿಂದ ಅದು ಡೆಬ್ ಅಲ್ಲ, ಸ್ನ್ಯಾಪ್ ಅನ್ನೋ ಬೇರೆ ಥರದ ಪ್ಯಾಕೇಜ್. ಸ್ನ್ಯಾಪ್‌ಗಳು ‘/ವಾರ್/ಲಿಬ್/ಸ್ನ್ಯಾಪ್‌ಡಿ/ಸ್ನ್ಯಾಪ್ಸ್’ ಒಳಗಿರ್ತವೆ. ಆಫ್‌ಲೈನ್‌ಗೆ ಅಂತ ತರೋದಾದ್ರೆ ನೆಟ್ ಇರೋ ಉಬುಂಟುದಲ್ಲಿ ‘ಸ್ನ್ಯಾಪ್ ಡೌನ್‌ಲೋಡ್ ಫೈರ್‌ಫಾಕ್ಸ್’ ಅನ್ನಿ, ಎರಡು ಫೈಲ್ ಬರತ್ತೆ, ಒಂದು ಸ್ನ್ಯಾಪ್ ಇನ್ನೊಂದು ಅಸರ್ಟ್. ಮನೇಲಿ ಅಸರ್ಟ್ ಫೈಲಿಗೆ ‘ಸ್ನ್ಯಾಪ್ ಆಕ್’, ಆಮೇಲೆ ಸ್ನ್ಯಾಪ್ ಫೈಲಿಗೆ ‘ಸ್ನ್ಯಾಪ್ ಇನ್‌ಸ್ಟಾಲ್’. ಅದು ಕೂತ್ಕೊಳ್ಳೋ ಕೋರ್ ಸ್ನ್ಯಾಪ್ ಕೂಡ ಬೇಕಾಗತ್ತೆ. ಅದೇ ಥರ ಇನ್ನೊಂದು ಬಗೆ ಪ್ಯಾಕೇಜ್ ಆದ ಫ್ಲಾಟ್‌ಪ್ಯಾಕ್‌ಗೆ ‘ಫ್ಲಾಟ್‌ಪ್ಯಾಕ್ ಕ್ರಿಯೇಟ್-ಯುಎಸ್‌ಬಿ’ ಅಂತಾನೇ ಒಂದು ಕಮಾಂಡ್ ಇದೆ, ಆಪ್ ಮತ್ತೆ ಅದರ ರನ್‌ಟೈಮ್ ಎರಡನ್ನೂ ಪೆನ್‌ಡ್ರೈವ್‌ಗೆ ಹಾಕ್ಕೊಡತ್ತೆ.

## ಇನ್ನೂ ಮುಂದೆ ಹೋಗೋರಿಗೆ

ಶಾಲೆ ಲ್ಯಾಬ್‌ನಲ್ಲಿ ಅಷ್ಟೂ ಕಂಪ್ಯೂಟರ್‌ಗೆ ಒಂದೊಂದ್ಸಲ ಪೆನ್‌ಡ್ರೈವ್ ಹಾಕ್ಬೇಕಾ ಮೇಷ್ಟ್ರೆ?

ಬೇಡ. ಲ್ಯಾನ್ ಸ್ವಿಚ್ ಇದ್ರೆ ಒಂದು ಮಷಿನ್‌ನಲ್ಲಿ ಮೇಲೆ ಹೇಳಿದ ಸ್ವಂತ ರೆಪೋ ಮಾಡಿ, ಆ ಫೋಲ್ಡರ್ ಒಳಗೆ ‘ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್’ ಓಡಿಸಿ, ಮಿಕ್ಕ ಮಷಿನ್‌ಗಳಲ್ಲಿ ಸೋರ್ಸಸ್ ಸಾಲಿನ ಫೈಲ್ ಬದ್ಲು ಆ ಮಷಿನ್‌ನ ಐಪಿ ಮತ್ತೆ ಪೋರ್ಟ್ 8000 ಕೊಡಿ.

ವಾರಕ್ಕೊಂದ್ಸಲ ಆದ್ರೂ ನೆಟ್ ಸಿಗೋ ಶಾಲೆ ಆದ್ರೆ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ, ಪೋರ್ಟ್ 3142. ಎಲ್ಲ ಮಷಿನ್‌ಗೂ ಆಪ್ಟ್ ಪ್ರಾಕ್ಸಿ ಅಂತ ಅದನ್ನ ತೋರಿಸಿದ್ರೆ ಮೊದಲನೇ ಕಂಪ್ಯೂಟರ್ ಇಳಿಸಿದ ಪ್ಯಾಕೇಜ್ ಮಿಕ್ಕಿದ್ದಕ್ಕೆಲ್ಲ ಅಲ್ಲಿಂದಾನೇ ಸಿಗತ್ತೆ. ನಿಮ್ಮ ಹತ್ರ ಇರೋ ಹಳೇ ಡೆಬ್‌ಗಳನ್ನ ಅದರ ‘_ಇಂಪೋರ್ಟ್’ ಫೋಲ್ಡರ್‌ಗೆ ಹಾಕಿ ವೆಬ್ ಪುಟದಲ್ಲಿ ಇಂಪೋರ್ಟ್ ಒತ್ತಿದ್ರೆ ಅವನ್ನೂ ಸೇರಿಸ್ಕೊಳತ್ತೆ. ನೆಟ್ ಇಲ್ದಿರೋ ದಿನ ಅದರ ಕಾನ್ಫಿಗ್‌ನಲ್ಲಿ ‘ಆಫ್‌ಲೈನ್‌ಮೋಡ್: 1’ ಮಾಡಿ. ಎಚ್‌ಟಿಟಿಪಿಎಸ್ ವಿಳಾಸದ ರೆಪೋಗಳನ್ನ ಅದು ಸುಮ್ನೆ ಕ್ಯಾಶ್ ಮಾಡಲ್ಲ, ಸೋರ್ಸಸ್‌ನಲ್ಲಿ ಎಚ್‌ಟಿಟಿಪಿ ಇರ್ಲಿ. ಪ್ಯಾಕೇಜ್‌ಗಳಿಗೆ ಸಹಿ ಬೇರೆ ಇರೋದ್ರಿಂದ ಅದ್ರಲ್ಲಿ ಭಯ ಪಡೋಂಥದ್ದಿಲ್ಲ.

ಫೆಡೋರಾ, ಆರ್ಚ್‌ನಲ್ಲಿ ಹೆಂಗೆ?

ಫೆಡೋರಾ ತಾನಾಗೇ ಇಟ್ಕೊಳ್ಳಲ್ಲ. ‘/ಇಟಿಸಿ/ಡಿಎನ್‌ಎಫ್/ಡಿಎನ್‌ಎಫ್.ಕಾನ್ಫ್’ ಒಳಗೆ ‘ಕೀಪ್‌ಕ್ಯಾಶ್=ಟ್ರೂ’ ಹಾಕ್ಬೇಕು. ಫೆಡೋರಾ 41ರಿಂದ ಡಿಎನ್‌ಎಫ್5 ಬಂದಿರೋದ್ರಿಂದ ಕ್ಯಾಶ್ ‘/ವಾರ್/ಕ್ಯಾಶ್/ಲಿಬ್‌ಡಿಎನ್‌ಎಫ್5’ ಒಳಗಿರತ್ತೆ, ಮುಂಚೆ ‘/ವಾರ್/ಕ್ಯಾಶ್/ಡಿಎನ್‌ಎಫ್’. ಆರ್‌ಪಿಎಂಗಳನ್ನ, ಅಂದ್ರೆ ಫೆಡೋರಾದ ಪ್ಯಾಕೇಜ್ ಫೈಲ್‌ಗಳನ್ನ, ಒಂದ್ಕಡೆ ಸೇರಿಸಿ ‘ಕ್ರಿಯೇಟ್‌ರೆಪೋ_ಸಿ’ ಓಡಿಸಿದ್ರೆ ಸ್ವಂತ ರೆಪೋ ಆಯ್ತು.

ಆರ್ಚ್ ಈ ವಿಷ್ಯದಲ್ಲಿ ಬಂಗಾರ. ‘/ವಾರ್/ಕ್ಯಾಶ್/ಪ್ಯಾಕ್‌ಮ್ಯಾನ್/ಪಿಕೆಜಿ’ ಒಳಗೆ ಎಲ್ಲ ಇಟ್ಕೊಂಡಿರತ್ತೆ, ನೀವಾಗೇ ತೆಗೆಯೋ ತನಕ ತೆಗೆಯಲ್ಲ. ಜೊತೆಗೆ ‘/ವಾರ್/ಲಿಬ್/ಪ್ಯಾಕ್‌ಮ್ಯಾನ್/ಸಿಂಕ್’ ಕಾಪಿ ಮಾಡ್ಕೊಳ್ಳಿ, ‘ಪ್ಯಾಕ್‌ಮ್ಯಾನ್ -ಕ್ಯೂಕ್ಯೂಇ’ ಪಟ್ಟಿ ಮಾಡ್ಕೊಳ್ಳಿ, ಮೊದಲನೇ ಕ್ಯೂ ದೊಡ್ಡಕ್ಷರ. ಎರಡೂ ಒಂದೇ ದಿನದ್ದಾಗಿರ್ಬೇಕು, ಆರ್ಚ್‌ನಲ್ಲಿ ಅರ್ಧ ಹಳೇದು ಅರ್ಧ ಹೊಸದು ಅನ್ನೋದು ನಡಿಯಲ್ಲ.

ನಮ್ದು ಹಳೇ 32 ಬಿಟ್ ಮಷಿನ್ನು, ಇದಕ್ಕೆ ಯಾವ ಕ್ಯಾಶ್ ಇಟ್ಕೋಬೇಕು?

ಡೆಬಿಯನ್ 12, ಐ386. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ಕ್ಕೆ 32 ಬಿಟ್ ಇಂಟೆಲ್‌ಗೆ ಇನ್‌ಸ್ಟಾಲರೂ ಇಲ್ಲ, ಕರ್ನಲ್ಲೂ ಇಲ್ಲ. ಹಂಗಾಗಿ ಈ ಮಷಿನ್ ಇಟ್ಕೊಂಡಿರೋರು ಡೆಬಿಯನ್ 12 ಐಎಸ್ಒ, ಪೂರ್ತಿ ಕ್ಯಾಶ್, ಲಿಸ್ಟ್ಸ್ ಮೂರನ್ನೂ ಈಗ್ಲೇ ಎರಡು ಡಿಸ್ಕ್‌ನಲ್ಲಿ ಇಟ್ಕೊಳ್ಳಿ, ರೆಪೋ ಎಲ್ಲ ಮಿರರ್‌ಗಳಲ್ಲೂ (ರೆಪೋದ ನಕಲು ಇಟ್ಕೊಂಡಿರೋ ಸರ್ವರ್) ಸುಲಭವಾಗಿ ಸಿಗ್ತಿರೋವಾಗ್ಲೇ.

ಒಂದ್ಸಲ ಮಾಡಿಟ್ಟ ಕ್ಯಾಶ್ ಎಷ್ಟು ದಿನ ಬಾಳತ್ತೆ? ಹಳೇದ್ರಿಂದ ಹಾಕಿದ್ರೆ ಸೇಫಾ?

ಅದೇ ರಿಲೀಸ್ ಹಾಕೋ ತನಕ ಎಷ್ಟು ವರ್ಷ ಆದ್ರೂ ಇನ್‌ಸ್ಟಾಲ್ ಆಗತ್ತೆ. ಸೇಫಾ ಅನ್ನೋದು ಬೇರೆ ಪ್ರಶ್ನೆ. ನೆಟ್ ಮುಟ್ಟದೆ ಇರೋ ಲ್ಯಾಬ್ ಮಷಿನ್‌ಗೆ ಆರು ತಿಂಗಳ ಹಿಂದಿನ ಕ್ಯಾಶ್ ಸಾಕು. ಬ್ಯಾಂಕ್ ಕೆಲ್ಸ, ಮೇಲ್ ನೋಡೋ ಲ್ಯಾಪ್‌ಟಾಪ್ ಆದ್ರೆ ಕ್ಯಾಶ್‌ನಿಂದ ಹಾಕಿ ನಿಲ್ಲಿಸ್ಕೊಳ್ಳಿ, ಆದ್ರೆ ನೆಟ್ ಸಿಕ್ಕ ಮೊದಲನೇ ದಿನ ಬೇರೆ ಏನೂ ಮಾಡೋಕ್ ಮುಂಚೆ ಅಪ್‌ಡೇಟ್ ಮಾಡಿ, ಅದ್ರಲ್ಲೂ ಬ್ರೌಸರ್ ಮತ್ತೆ ಕರ್ನಲ್. ‘ಟ್ರಸ್ಟೆಡ್=ಎಸ್’ ಸಾಲು ಹಾಕಿದ್ರೆ ಆಪ್ಟ್ ಸಹಿ ನೋಡೋದನ್ನೇ ಬಿಟ್ಬಿಡತ್ತೆ, ನೀವೇ ಇಳಿಸಿದ ಡೆಬ್‌ಗಳಿಗೆ ಪರವಾಗಿಲ್ಲ, ಯಾರದ್ದೋ ಪೆನ್‌ಡ್ರೈವ್‌ನಿಂದ ಬಂದಿದ್ದಕ್ಕೆ ಬೇಡ, ಅಲ್ಲಿ ರೆಪೋದಿಂದ ನೇರ ಬಂದ ಲಿಸ್ಟ್ಸ್ ಇಟ್ಕೊಂಡು ಅದರಲ್ಲಿರೋ ಎಸ್ಎಚ್ಎ256 ಜೊತೆ ತಾಳೆ ನೋಡಿ. ಕೆಲ್ಸ ಮುಗಿದ್ಮೇಲೆ ಆ ಸಾಲಿನ ಮುಂದೆ ಹ್ಯಾಶ್ ಹಾಕಿ ಮುಚ್ಚಿ, ಮಿಕ್ಕ ರೆಪೋ ಸಾಲುಗಳ ಹ್ಯಾಶ್ ತೆಗೀರಿ.